ಒಂಟಿ ಗುಡ್ಡದ ಹನ್ನೊಂದು ದುಂಬಿಗಳು

ಸೂಜಿ ಮಾವನ ಹೆಂಡತಿ ದರ್ಜಿ. ದಿನಕ್ಕೆ ಎಂಟು ಗಂಟೆ ಹೊಲಿಗೆ ಮಿಷನ್ನಿನ ಮುಂದೆ ಕೂರುವವರು ಅವರು. ಸೂಜಿ ಅಂತ ಹೆಸರು ಬಿದ್ದದ್ದು ಮಾತ್ರ ಗಂಡನಿಗೆ. "ಸೂಜಿ ನಂದು, ಹೆಸರು ಇವರಿಗೆ. ಇದ್ಯಾವ ನ್ಯಾಯ ಹೇಳಿ!" ಎಂದು ಮನೆಗೆ ಬಂದವರ ಮುಂದೆಲ್ಲ ದೂರುತ್ತಾರೆ. ಬಂದವರು ನಗುತ್ತಾರೆ, ಮಾವ ಅವರಿಗಿಂತ ಜೋರಾಗಿ ನಗುತ್ತಾರೆ.

ಹೆಸರು ಸುಮ್ಮಸುಮ್ಮನೆ ಬಿದ್ದದ್ದಲ್ಲ ಬಿಡಿ. ವಿಶ್ವವಿದ್ಯಾಲಯದ ಕೀಟ ಸಂಗ್ರಹಾಲಯದಲ್ಲಿ ಮೂವತ್ತೇಳು ವರ್ಷ ಮಾವ ಮಾಡಿದ್ದು ಒಂದೇ ಕೆಲಸ: ಸತ್ತ ಹುಳಕ್ಕೆ ಸೂಜಿ ಚುಚ್ಚುವುದು. ದುಂಬಿಯಾದರೆ ಬಲಗಡೆಯ ಚಿಪ್ಪಿಗೆ, ಚಿಟ್ಟೆಯಾದರೆ ಎದೆಯ ನಟ್ಟನಡುವೆ. ಕಾಲು ಮುರಿಯಬಾರದು, ಮೀಸೆ ಉದುರಬಾರದು. ಆಮೇಲೆ ಬೆರಳುಗುರಿನಷ್ಟು ಅಗಲದ ಚೀಟಿಯ ಮೇಲೆ ಕಪ್ಪು ಶಾಯಿಯಲ್ಲಿ ಹುಳ ಸಿಕ್ಕಿದ ಜಾಗ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆದು ಅದೇ ಸೂಜಿಗೆ ಸಿಕ್ಕಿಸುವುದು. ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಹುಳ ಅವರ ಕೈಯಿಂದ ಹಾದುಹೋಗಿ ಕಪಾಟು ಸೇರಿವೆ. ಒಂದು ಲಕ್ಷ! ನಾವು ನೀವು ಒಂದು ಲಕ್ಷ ಸಲ ಏನು ತಾನೇ ಮಾಡಿದ್ದೇವೆ, ಉಸಿರಾಡಿದ್ದು ಬಿಟ್ಟರೆ?

ಸಂಗ್ರಹಾಲಯದ ಹಾಲ್‌ನಲ್ಲಿ ಅವರದೇ ಒಂದು ಕಾನೂನಿತ್ತು. ಸೂಜಿಗೆ ಒಮ್ಮೆ ಹತ್ತಿದ ಚೀಟಿಯನ್ನು ಯಾರೂ ತೆಗೆಯುವಂತಿಲ್ಲ. ತಪ್ಪಿದ್ದರೆ ಕೆಳಗೆ ಇನ್ನೊಂದು ಚೀಟಿ ಸಿಕ್ಕಿಸಿ ತಿದ್ದುಪಡಿ ಬರೆಯಬೇಕು. ಹಳೆಯದು ಹಾಗೇ ಇರಬೇಕು. "ಚೀಟಿ ಇದ್ರೆ ಇದು ಸಾಕ್ಷಿ. ಚೀಟಿ ಇಲ್ದಿದ್ರೆ ಬರೀ ಸತ್ತ ಹುಳ, ಗುಡಿಸಿ ಹಾಕಿ" ಎಂದು ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತಿದ್ದರು. ಮನೆಯಲ್ಲೂ ಇದೇ ಹುಚ್ಚು. ಉಪ್ಪಿನ ಡಬ್ಬಿಯ ಮೇಲೂ ಎಲ್ಲಿ ಕೊಂಡದ್ದು, ಯಾವತ್ತು ಕೊಂಡದ್ದು ಎಂಬ ಚೀಟಿ. "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡಿ" ಎನ್ನುತ್ತಿದ್ದರು ಹೆಂಡತಿ.

ಹೀಗಾಗಿ ಇಲಾಖೆಯಲ್ಲಿ ಸೂಜಿ ಮಾವ ಬರೆದ ಚೀಟಿ ಎಂದರೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಬೇರೆ ದೇಶದ ಪಂಡಿತರು ಕಾಗದ ಬರೆದು ಕೇಳಿದರೂ ಮೇಡಂ, ಅಂದರೆ ಇಲಾಖೆಯ ಮುಖ್ಯಸ್ಥೆ, ಒಂದೇ ಮಾತಿನ ಉತ್ತರ ಕೊಡುತ್ತಿದ್ದರು: ನಮ್ಮ ಚೀಟಿಯಲ್ಲಿ ಹಾಗಿದೆ, ಆದ್ದರಿಂದ ಹಾಗೆಯೇ. ಈ ಮಾತು ಕೇಳಿದಾಗಲೆಲ್ಲ ಮಾವನ ಮುಖ ಅರಳುತ್ತಿತ್ತು. ಅರಳಿದ ಮರುಕ್ಷಣವೇ ಬಾಡುತ್ತಿತ್ತು. ಅದು ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಅವರ ನಿವೃತ್ತಿಗೆ ಇನ್ನು ಎರಡು ತಿಂಗಳಿದೆ ಎನ್ನುವಾಗ ಈ ಕಥೆ ಶುರುವಾಯಿತು.

ಡಾಕ್ಟರೇಟ್ ಮಾಡುತ್ತಿದ್ದ ಒಬ್ಬ ಹುಡುಗಿ ಇದ್ದಳು. ಇನ್ನೂ ಡಾಕ್ಟರಾಗಿರಲಿಲ್ಲ, ಆದರೆ ಮಾವ ಮೊದಲ ದಿನದಿಂದಲೇ "ಚಿಕ್ಕ ಡಾಕ್ಟರು" ಎಂದು ಕರೆದಿದ್ದರು, ಅದೇ ನಿಂತಿತು. ಅವಳ ಸಂಶೋಧನೆ ಸೊಂಡಿಲು ದುಂಬಿಯ ಮೇಲೆ. ಕಡಲೆಕಾಳಿನಷ್ಟು ಗಾತ್ರ, ಇದ್ದಿಲಿನ ಬಣ್ಣ, ಮುಂದೆ ಪುಟ್ಟ ಸೊಂಡಿಲಿನಂಥ ಮೂತಿ. ವಿಶೇಷ ಏನೆಂದರೆ ಅದಕ್ಕೆ ಹಾರಲು ಬರುವುದಿಲ್ಲ. ಬೆನ್ನಿನ ಎರಡು ಚಿಪ್ಪುಗಳು ಬೆಸೆದು ಒಂದಾಗಿವೆ, ಅಡಿಯಲ್ಲಿ ರೆಕ್ಕೆಯೇ ಇಲ್ಲ. ಹುಟ್ಟಿದ ಪೊದೆಯಿಂದ ನಾಲ್ಕು ಮಾರು ನಡೆದರೆ ಅದೇ ಅದರ ದೇಶಾಟನೆ. ನಡುವೆ ಒಂದು ಹೊಳೆ ಬಂದರಂತೂ ಮುಗಿಯಿತು. ಈ ದಡದ್ದು ಈ ದಡದಲ್ಲೇ, ಆ ದಡದ್ದು ಆ ದಡದಲ್ಲೇ, ತಲೆಮಾರು ತಲೆಮಾರುಗಳ ಕಾಲ. ಹೀಗೆ ಬೇರಾದ ಎರಡು ಸಂಸಾರಗಳು ಎಷ್ಟು ಕಾಲದಿಂದ ಬೇರೆ, ಎಷ್ಟರಮಟ್ಟಿಗೆ ಬೇರೆ ಎನ್ನುವುದೇ ಅವಳ ಪ್ರಶ್ನೆ. ಕಣ್ಣಿಗೆ ಎಲ್ಲವೂ ಒಂದೇ ಥರ. ಡಿಎನ್‌ಎ ಓದಿದರೆ ಮಾತ್ರ ಯಾರು ಯಾರ ನೆಂಟರೆಂದು ತಿಳಿಯುತ್ತದೆ. ಅದಕ್ಕೆ ಹಳೆಯ ಹುಳದ್ದಾದರೆ ಒಂದು ಕಾಲು ಬೇಕು.

ಮಾವನಿಗೆ ಈ ಕಾಲು ಕೀಳುವುದು ಸಂಕಟದ ವಿಷಯ. "ಮೂವತ್ತೇಳು ವರ್ಷ ಆರಕ್ಕೆ ಆರೂ ಕಾಪಾಡ್ಕೊಂಡು ಬಂದಿದೀನಿ. ನೀನು ಬಂದು ಎಲ್ಲರನ್ನೂ ಕುಂಟರನ್ನ ಮಾಡ್ತಿದೀಯಲ್ಲ ತಾಯಿ!"

"ಸತ್ತ ಮೇಲೆ ಎಲ್ಲಿಗೆ ನಡೀಬೇಕು ಮಾವ ಅವು?"

"ಬದುಕಿದ್ದಾಗಲೂ ಎಲ್ಲಿಗೂ ನಡೀಲಿಲ್ಲ, ಪಾಪ" ಎಂದು ಗೊಣಗುತ್ತ ಅವರೇ ಚಿಮುಟ ಹಿಡಿದು ಎಡಗಡೆಯ ನಡುಗಾಲನ್ನು ನೋವಾಗದಂತೆ ಬಿಡಿಸಿಕೊಡುತ್ತಿದ್ದರು.

ನಾಲ್ಕು ವರ್ಷದ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಇಲಾಖೆಯ ಸಣ್ಣ ಕೋಣೆಯಲ್ಲಿ ಮೇಡಂ ಮತ್ತು ಇನ್ನಿಬ್ಬರು ಅಧ್ಯಾಪಕರ ಮುಂದೆ ಅವಳು ಅದನ್ನೆಲ್ಲ ವಿವರಿಸಿದಳು. ಮಾವ ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಗೋಡೆಯ ಮೇಲೆ ದುಂಬಿಗಳ ವಂಶವೃಕ್ಷ ಬಿತ್ತು. ಎರಡು ದೊಡ್ಡ ಕೊಂಬೆ: ಈ ದಡದವು ಒಂದರಲ್ಲಿ, ಆ ದಡದವು ಇನ್ನೊಂದರಲ್ಲಿ. ಎರಡೂ ಬೇರಾಗಿ ಎಂಟು ಲಕ್ಷ ವರ್ಷವಾಯಿತು ಎಂದಳು. ಎಂಟು ಲಕ್ಷ ವರ್ಷ ಒಂದು ಹೊಳೆಯ ಆಚೆ ಈಚೆ ಕೂತು ಒಬ್ಬರ ಮುಖ ಒಬ್ಬರು ನೋಡದ ದಾಯಾದಿಗಳು! ಮಾವನಿಗೆ ಮೈ ಜುಮ್ಮೆಂದಿತು.

ಆದರೆ ಆ ದಡದ ಕೊಂಬೆಯಲ್ಲಿ ಹನ್ನೊಂದು ಕೆಂಪು ಚುಕ್ಕೆಗಳಿದ್ದವು. "ಇವು ಒಂಟಿ ಗುಡ್ಡದವು. ಒಂಟಿ ಗುಡ್ಡ ಇರೋದು ಈ ದಡದಲ್ಲಿ. ಡಿಎನ್‌ಎ ಮಾತ್ರ ಆ ದಡದ್ದು" ಎಂದಳು ಹುಡುಗಿ.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಯಾವಾಗಿನ ಮಾದರಿ?"

"ಮೂವತ್ತೇಳು ವರ್ಷದ ಹಿಂದಿನದು. ನಾನು ಆ ಗುಡ್ಡಕ್ಕೆ ಹೋಗಿಲ್ಲ. ಸಂಗ್ರಹದಿಂದ ತಗೊಂಡೆ."

"ಹಾಗಾದ್ರೆ ಯಾರೋ ಚೀಟಿ ಅದಲುಬದಲು ಮಾಡಿದಾರೆ. ಈ ಹನ್ನೊಂದನ್ನ ಬಿಟ್ಟುಬಿಡು, ಪ್ರಬಂಧ ಸಲ್ಲಿಸು."

"ಚೀಟಿ ಬರೆದಿರೋದು ಸೂಜಿ ಮಾವ, ಮೇಡಂ." ಹುಡುಗಿಯ ದನಿ ಗಟ್ಟಿಯಾಯಿತು. "ಮಾವನ ಚೀಟಿ ತಪ್ಪು ಅನ್ನೋದಾದ್ರೆ ಈ ಹಾಲ್‌ನಲ್ಲಿ ಯಾವ ಚೀಟೀನೂ ನಂಬೋ ಹಾಗಿಲ್ಲ. ದುಂಬಿಗಳು ಹೇಗೋ ಹೊಳೆ ದಾಟಿವೆ. ತೇಲೋ ಮರದ ಮೇಲೆ ಬಂದಿರಬಹುದು. ನಾನು ಅದರ ಮೇಲೇ ಒಂದು ಅಧ್ಯಾಯ ಬರೀತೀನಿ."

ಮೂವರೂ ತಿರುಗಿ ಹಿಂದಿನ ಸಾಲನ್ನು ನೋಡಿದರು. ಮಾವ ಕಾಲರ್ ಸರಿಮಾಡಿಕೊಂಡರು, ಎದ್ದರು, ಹೊರಗೆ ಹೋದರು. ಪಾಪ, ಸಂಕೋಚದ ಮನುಷ್ಯ ಎಂದುಕೊಂಡರು ಕೋಣೆಯಲ್ಲಿದ್ದವರು.

ಸಂಕೋಚವೂ ಇಲ್ಲ, ಮಣ್ಣೂ ಇಲ್ಲ. ಅಂದು ಸಂಜೆ ಮನೆಯಲ್ಲಿ ಹೆಂಡತಿ ಕಾಜಾ ಹೊಲಿಯುತ್ತಿದ್ದಾಗ ಮಾವ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಎಲ್ಲ ಬಾಯಿಬಿಟ್ಟರು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಮಾವನಿಗೆ ಇಪ್ಪತ್ತೆರಡು. ಆಗಿನ ಮುಖ್ಯಸ್ಥರಾಗಿದ್ದ ದೊಡ್ಡ ಮೇಷ್ಟ್ರ ಜೊತೆ ಹೊಳೆಯ ಎರಡೂ ದಡ ಸುತ್ತಿ ದುಂಬಿ ಹಿಡಿದು ತಂದಿದ್ದರು. ಒಂದೊಂದು ಜಾಗದ ದುಂಬಿಗೆ ಒಂದೊಂದು ಗಾಜಿನ ನಳಿಗೆ, ಒಳಗೆ ಸ್ಪಿರಿಟ್. ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ನಳಿಗೆಯ ಒಳಗೇ ಹಾಕಬೇಕು ಎಂದು ಮೇಷ್ಟ್ರು ಸಾರಿ ಸಾರಿ ಹೇಳಿದ್ದರು. ಹುಡುಗು ಬುದ್ಧಿ, ಸೋಮಾರಿತನಕ್ಕೆ ಮಾವ ಬೆಂಡಿನ ಮುಚ್ಚಳದ ಮೇಲೆ ನಂಬರು ಗೀಚಿದ್ದರು, ಅಷ್ಟೇ. ವಸತಿಗೃಹದ ಜಗಲಿಯಲ್ಲಿ ಸ್ಪಿರಿಟ್ ತುಂಬಲು ಏಳು ನಳಿಗೆಗಳ ಮುಚ್ಚಳ ತೆಗೆದಿಟ್ಟಿದ್ದಾಗ ಮೊಣಕೈ ತಗುಲಿ ತಟ್ಟೆ ಉರುಳಿತು. ಏಳು ಮುಚ್ಚಳಗಳೂ ನೆಲದ ಮೇಲೆ. ಯಾವುದು ಯಾವುದರದ್ದು? ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಮಾವ ಕಣ್ಣು ಮುಚ್ಚಿ, ಯಾವ ನಳಿಗೆಯಲ್ಲಿ ಎಷ್ಟು ದುಂಬಿ ಇದ್ದವು, ಯಾವುದರಲ್ಲಿ ಎಲೆಚೂರು ಇತ್ತು ಎಂದು ನೆನಪಿಸಿಕೊಂಡು ಮುಚ್ಚಳ ಹಾಕಿದರು. ಮೇಷ್ಟ್ರಿಗೆ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಮೇಷ್ಟ್ರು ತೀರಿಕೊಂಡ ದಿನವೂ ಅದೇ ಮನಸ್ಸಿನಲ್ಲಿತ್ತು. ಒಂಟಿ ಗುಡ್ಡದ ನಳಿಗೆ ಆ ಏಳರಲ್ಲಿ ಒಂದು.

ಹೆಂಡತಿ ಮಿಷನ್ ನಿಲ್ಲಿಸಿದರು. "ಮೂವತ್ತೇಳು ವರ್ಷ ನನ್ನತ್ರಾನೂ ಹೇಳ್ಲಿಲ್ವಾ?"

"ಹೇಗೆ ಹೇಳಲಿ? ಊರಿಗೆಲ್ಲ ಚೀಟಿ ಪಾಠ ಹೇಳೋನು ನಾನು."

"ಸರಿ. ಈಗ ಆ ಹುಡುಗಿ ನಿಮ್ಮ ಮಾತು ನಂಬಿ ಪ್ರಬಂಧ ಬರೀತಾಳೆ. ಬರೀಲಿ ಅಂತ ಬಿಡ್ತೀರೋ?"

ಮಾವ ಮರುದಿನ ಎಲ್ಲರಿಗಿಂತ ಮೊದಲು ಹಾಲ್‌ಗೆ ಹೋಗಿ, ಒಂಟಿ ಗುಡ್ಡದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟುಕೊಂಡು ಕಾದು ಕೂತರು. ಹುಡುಗಿ ಬಂದಳು. ಮಾವ ಅವಳ ಮುಖ ನೋಡದೆ, ದುಂಬಿಗಳನ್ನೇ ನೋಡುತ್ತ ಹೇಳಿ ಮುಗಿಸಿದರು.

ಅವಳು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು ಚೀಟಿಗಳನ್ನು ಒಂದೊಂದಾಗಿ ಓದಿದಳು. ಆಮೇಲೆ, "ನಿನ್ನೆ ಮೂರು ಜನರ ಮುಂದೆ ನಿಮ್ಮ ಮೇಲೆ ಆಣೆ ಇಟ್ಟ ಹಾಗೆ ಮಾತಾಡಿದೆ ಮಾವ" ಎಂದಳು.

"ಹೌದು ತಾಯಿ."

"ಮೇಡಂಗೆ ಗೊತ್ತಾಗಬೇಕು."

"ನಾನೇ ಹೇಳ್ತೀನಿ."

ಹೇಳಿದರು. ಮೇಡಂ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿ ಕೇಳಿದರು: "ಈ ಹಾಲ್‌ನಲ್ಲಿ ಇಂಥವು ಇನ್ನೆಷ್ಟಿವೆ?"

"ಆ ಏಳು ನಳಿಗೆ ಬಿಟ್ರೆ ಒಂದೂ ಇಲ್ಲ ಮೇಡಂ. ಆವತ್ತಿನ ಭಯಕ್ಕೇ ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಮಾಡಿದೀನಿ."

"ನಂಬೋದು ಹೇಗೆ?"

ಒಂದು ಲಕ್ಷ ಹುಳಗಳ ಮೇಲೆ ಬಿದ್ದ ಪ್ರಶ್ನೆ ಅದು. ಮಾವನಿಗೆ ಮೂವತ್ತೇಳು ವರ್ಷದ ಕೆಲಸ ಆ ಕೋಣೆಯಲ್ಲಿ ನಿಂತಲ್ಲೇ ಹಗುರವಾಗಿ ಹೋಯಿತು ಎನಿಸಿತು. ಹೊರಗೆ ಕಾರಿಡಾರಿನಲ್ಲಿ ಕಾಯುತ್ತಿದ್ದ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಆ ದುಂಬಿಗಳು ಇನ್ನೂ ಅಲ್ಲಿ ಇರಬೇಕಲ್ಲ. ಅವಕ್ಕೇನು ರೆಕ್ಕೆ ಇದೆಯಾ ಹಾರಿಹೋಗೋಕೆ? ನಾಳೆ ಬೆಳಗ್ಗೆ ಮೊದಲ ಬಸ್ಸು. ನೀವೂ ಬರ್ತೀರಿ. ಜಾಗ ತೋರಿಸಬೇಕು."

"ನನ್ನ ಮಂಡಿ..."

"ಮಂಡಿ ಕೂಡ ಬರಲಿ."

ಒಂಟಿ ಗುಡ್ಡ ಹೆಸರಿಗೆ ತಕ್ಕ ಹಾಗೆ ಒಂಟಿ. ಅದರ ಆಚೆ ಬದಿಗೆ ಹೊಳೆ. ಈಚೆ ಒಂದೂವರೆ ಮೈಲಿ ಸಮತಟ್ಟಾದ ಬಯಲು. ಬಯಲು ದಾಟಿದರೆ ಈ ದಡದ ಬೆಟ್ಟಸಾಲು. ಬಸ್ಸಿಳಿದು ಬಯಲಿನ ಉದ್ದಕ್ಕೂ ನಡೆದು, ಗುಡ್ಡ ಏರುವಷ್ಟರಲ್ಲಿ ಮಾವ ಹನ್ನೆರಡು ಸಲ ಕೂತರು. ಗುಡ್ಡದ ಅರ್ಧ ಎತ್ತರದಲ್ಲಿ ಬಂಡೆಯ ಪಕ್ಕ ಮುಳ್ಳುಪೊದೆಗಳ ಒಂದು ಸಾಲು ಕಂಡಿತು. ಇಲ್ಲೇ ಎಂದರು. ಪೊದೆಯ ಅಡಿಯಲ್ಲಿ ಬಿಳಿ ಬಟ್ಟೆ ಹಾಸಿ ಕೋಲಿನಿಂದ ಬಡಿದರು. ಎಲೆ ಬಿತ್ತು, ಇರುವೆ ಬಿತ್ತು, ಜೇಡ ಬಿತ್ತು. ದುಂಬಿ ಇಲ್ಲ. ಎರಡನೆಯ ಪೊದೆಯಲ್ಲೂ ಇಲ್ಲ. ಹುಡುಗಿ ತುಟಿ ಕಚ್ಚಿಕೊಂಡು ಬಡಿಯುತ್ತಲೇ ಹೋದಳು. ಮಧ್ಯಾಹ್ನವಾಯಿತು.

ಮಾವ ಮಂಡಿ ನೀವಿಕೊಳ್ಳುತ್ತ ಕೂತಲ್ಲೇ ತರಗೆಲೆ ಕೆದಕಿದರು. ಬೆರಳಿಗೆ ಒಂದು ಕರಿ ಹರಳು ಸಿಕ್ಕಿತು. ಅಂಗೈ ಮೇಲಿಟ್ಟರು. ಕಲ್ಲು ಇರಬೇಕು ಎಂದು ಬಿಸಾಡಲು ಹೋದವರು ತಡೆದರು. ಉಸಿರು ಬಿಗಿಹಿಡಿದು ಕಾದರು. ಹರಳಿನಿಂದ ಒಂದು ಕಾಲು ಹೊರಗೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಸೊಂಡಿಲು. ಸತ್ತ ಹಾಗೆ ನಟಿಸುತ್ತಿದ್ದ ಕಳ್ಳ ದುಂಬಿ ಎದ್ದು ನಿಂತು ಅವರ ಅಂಗೈಯ ಗೆರೆ ಹಿಡಿದು ನಿಧಾನವಾಗಿ ನಡೆಯತೊಡಗಿತು.

"ಅಬ್ಬಾ!" ಎಂದರು ಮಾವ. ಮೂವತ್ತೇಳು ವರ್ಷದಲ್ಲಿ ಜೀವವಿರುವ ಹುಳವನ್ನು ಅವರು ಕೈಮೇಲೆ ಬಿಟ್ಟುಕೊಂಡದ್ದು ಎಷ್ಟು ಸಲವೋ ಏನೋ. ಕಚಗುಳಿಯಾಯಿತು, ಅಳು ಬಂದಂತಾಯಿತು.

ಸಂಜೆಯ ಹೊತ್ತಿಗೆ ಒಂಬತ್ತು ಸಿಕ್ಕವು. ಪ್ರತಿ ನಳಿಗೆಯ ಒಳಗೂ ಮಾವ ಪೆನ್ಸಿಲಿನಲ್ಲಿ ಬರೆದು ಚೀಟಿ ಹಾಕಿದರು, ಹಾಕಿದ್ದೇನೆ ತಾನೇ ಎಂದು ಎರಡೆರಡು ಸಲ ಬೆಳಕಿಗೆ ಹಿಡಿದು ನೋಡಿದರು.

ಹಿಂದಿರುಗುವಾಗ ಬಯಲಿನ ನಡುವೆ ಬಾವಿ ತೋಡುತ್ತಿದ್ದವನೊಬ್ಬ ಮೇಲೆ ಬಂದು ಕೂತು ನೀರು ಕುಡಿಯುತ್ತಿದ್ದ. ಅವನ ಪಕ್ಕ ಕಲ್ಲಿನ ರಾಶಿ. ಹುಡುಗಿ ಹಾದುಹೋದವಳು ನಿಂತಳು, ಹಿಂದಕ್ಕೆ ಬಂದಳು, ಒಂದು ಕಲ್ಲು ಎತ್ತಿಕೊಂಡಳು. ಮೊಟ್ಟೆಯ ಹಾಗೆ ದುಂಡಗೆ, ನುಣ್ಣಗೆ ಇತ್ತು.

"ಇವನ್ನ ಹೊಳೆಯಿಂದ ತಂದ್ರಾ ಅಣ್ಣ?"

"ತರೋದೇನು ಬಂತಮ್ಮ, ಕೆಳಗಿಂದ ಬಂದಿದ್ದು. ಇಪ್ಪತ್ತಡಿ ಆಯ್ತು ಅಂದ್ರೆ ಬರೀ ಇಂಥವೇ. ಈ ಬಯಲಲ್ಲಿ ಎಲ್ಲಿ ತೋಡಿದ್ರೂ ಇದೇ ಹಣೆಬರಹ. ಹಾರೆ ಮೊಂಡಾಗುತ್ತೆ."

"ಹೊಳೆ ಗುಡ್ಡದ ಆಚೆ ಇದೆ. ಹೊಳೆಗಲ್ಲು ಇಲ್ಲಿ ಹೇಗೆ?"

"ಅದನ್ನ ಹೊಳೆಗೇ ಕೇಳು" ಎಂದು ನಕ್ಕ ಅವನು.

ಹುಡುಗಿ ನಗಲಿಲ್ಲ. ಕಲ್ಲು ಹಿಡಿದುಕೊಂಡು ಒಮ್ಮೆ ಬೆಟ್ಟಸಾಲಿನ ಕಡೆ ನೋಡಿದಳು, ಒಮ್ಮೆ ಗುಡ್ಡದ ಕಡೆ. ಮುಖದ ಬಣ್ಣವೇ ಬದಲಾಯಿತು. "ಮಾವ, ಹೊಳೆ ಇಲ್ಲೇ ಹರೀತಿತ್ತು. ನಾವು ನಿಂತಿರೋ ಈ ಜಾಗದಲ್ಲಿ! ಆಗ ಒಂಟಿ ಗುಡ್ಡ ಆ ದಡದಲ್ಲಿತ್ತು. ಆಮೇಲೆ ಯಾವಾಗಲೋ ಹೊಳೆ ದಾರಿ ಬದಲಾಯಿಸಿ ಗುಡ್ಡದ ಆಚೆ ಹೋಗಿದೆ. ಗುಡ್ಡ ಒಂದು ಇಂಚೂ ಅಲ್ಲಾಡದೆ ಈ ದಡಕ್ಕೆ ಬಂತು. ದುಂಬಿಗಳು ಹೊಳೆ ದಾಟಲೇ ಇಲ್ಲ. ಹೊಳೇನೇ ಅವನ್ನ ದಾಟ್ಕೊಂಡು ಹೋಯ್ತು."

ಮಾವ ಕಾಲ ಕೆಳಗಿನ ಒಣ ಮಣ್ಣು ನೋಡಿದರು. ಅದರಡಿಯಲ್ಲಿ ಇಪ್ಪತ್ತು ಅಡಿ ಆಳದಲ್ಲಿ ಒಂದು ಹೊಳೆ ಮಲಗಿತ್ತು. ಯಾರೂ ಕಂಡಿರಲಿಲ್ಲ, ಯಾವ ನಕ್ಷೆಯಲ್ಲೂ ಇರಲಿಲ್ಲ. ತಾನು ನಿಂತದ್ದು ನೀರಿನ ನಟ್ಟನಡುವೆ ಎಂಬ ಭಾವನೆ ಬಂದು, ಅವರು ಹುಡುಗಿಯ ಭುಜ ಹಿಡಿದುಕೊಂಡರು.

"ಆದ್ರೆ ಇದೆಲ್ಲ ನಿಜ ಆಗೋದು ಈ ಒಂಬತ್ತು ದುಂಬಿ ಆ ದಡದವೇ ಆಗಿದ್ರೆ ಮಾತ್ರ" ಎಂದಳು ಹುಡುಗಿ, ಚೀಲ ತಟ್ಟಿ.

ಮೂರು ವಾರ ಬೇಕಾಯಿತು. ಆ ಮೂರು ವಾರ ಮಾವ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದರು. ಹಾಲ್‌ನಲ್ಲಿ ನುಸಿಗುಳಿಗೆ ಬದಲಾಯಿಸಿದರು, ಕಪಾಟಿನ ಕೀಲಿಗಳನ್ನು ಒರೆಸಿದರು, ಯಾರ ಕಣ್ಣಿಗೂ ಕಣ್ಣು ಕೊಡದೆ ಓಡಾಡಿದರು. ಹೆಂಡತಿ ಮಾತ್ರ ಒಮ್ಮೆ ಹೇಳಿದರು: "ತಪ್ಪಾಗಿದ್ರೆ ತಪ್ಪು. ಹೇಳಿದ್ದೀರಲ್ಲ, ಆಯ್ತು. ಊಟ ಮಾಡಿ."

ಒಂದು ಬೆಳಗ್ಗೆ ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ವಂಶವೃಕ್ಷ. ಮಾವನ ಹನ್ನೊಂದು ಕೆಂಪು ಚುಕ್ಕೆಗಳ ಮಗ್ಗುಲಲ್ಲೇ, ಅದೇ ಕೊಂಬೆಯಲ್ಲಿ, ಒಂಬತ್ತು ಹೊಸ ಚುಕ್ಕೆಗಳಿದ್ದವು. ಆ ದಡದ ಕೊಂಬೆ.

"ನೀವು ಸರಿಯಾದ ಮುಚ್ಚಳಾನೇ ಹಾಕಿದ್ರಿ ಮಾವ! ಇವು ಆ ದಡದವರಿಂದ ಬೇರಾಗಿ ಸುಮಾರು ಐವತ್ತು ಸಾವಿರ ವರ್ಷ. ಹೊಳೆ ಜಾಗ ಬದಲಾಯಿಸಿದ್ದು ಆಗಲೇ ಇರಬೇಕು."

ಐವತ್ತು ಸಾವಿರ ವರ್ಷ. ನೋಡಿದ ಮನುಷ್ಯರು ಇದ್ದರೋ ಇಲ್ಲವೋ. ಇದ್ದರೂ ಬರೆದಿಡಲು ಅಕ್ಷರವಿರಲಿಲ್ಲ. ಹೊಳೆ ತಾನು ಹರಿದ ದಾರಿಯನ್ನು ಮಣ್ಣು ಮುಚ್ಚಿ ಮರೆತುಬಿಟ್ಟಿತ್ತು. ಆದರೆ ಕಡಲೆಕಾಳಿನಷ್ಟು ಹುಳ, ಒಂದು ಪೊದೆ ಬಿಟ್ಟು ಇನ್ನೊಂದಕ್ಕೆ ಹೋಗಲು ಒದ್ದಾಡುವ ಹುಳ, ಅಷ್ಟನ್ನೂ ಮೈಯೊಳಗೆ ಇಟ್ಟುಕೊಂಡು ಮಗನಿಗೆ, ಮೊಮ್ಮಗನಿಗೆ, ಮರಿಮಗನಿಗೆ ತಪ್ಪದೆ ದಾಟಿಸಿಕೊಂಡು ಬಂದಿತ್ತು. ಮಾವ ಪೆಟ್ಟಿಗೆಯ ಗಾಜಿನ ಮೇಲೆ ಎರಡೂ ಕೈ ಊರಿ ನಿಂತರು. ಇಷ್ಟು ವರ್ಷ ಚೀಟಿ ಬರೆಯುವವನು ತಾನು ಎಂದುಕೊಂಡಿದ್ದರು. ತಾನು ಬರೆಯುವ ಮೊದಲೇ ಇವುಗಳೊಳಗೆ ಬರೆದಾಗಿತ್ತು.

ಸ್ವಲ್ಪ ಹೊತ್ತಿಗೆ ಮೇಡಂ ಬಂದರು, ಕುರ್ಚಿ ಎಳೆದುಕೊಂಡು ಮಾವನ ಎದುರು ಕೂತರು. ಅವರು ಅಲ್ಲಿ ಕೂತದ್ದು ಅದೇ ಮೊದಲು. "ನಾನು ಅವತ್ತು ಕೇಳಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡಿ. ನಿಮ್ಮ ಚೀಟಿ ಸರಿ ಇತ್ತು. ಇಲ್ಲಿಗೆ ಈ ಮಾತು ಮುಗಿಸೋಣ."

ಮಾವ ಡ್ರಾಯರ್ ಎಳೆದರು. ಒಳಗೆ ಅರವತ್ತಮೂರು ಹೊಸ ಚೀಟಿಗಳು ಸಾಲಾಗಿದ್ದವು. ಮೂರು ವಾರದಲ್ಲಿ ಬರೆದು ಮುಗಿಸಿದ್ದರು. ಏಳು ನಳಿಗೆಗಳ ಅರವತ್ತಮೂರು ದುಂಬಿಗಳಿಗೂ ಒಂದೊಂದು. ಎಲ್ಲದರಲ್ಲೂ ಒಂದೇ ವಾಕ್ಯ: "ಮುಚ್ಚಳ ಉರುಳಿತ್ತು. ಮೇಲಿನ ಚೀಟಿಯ ಜಾಗ ನೆನಪಿನಿಂದ ಬರೆದದ್ದು. ತಪ್ಪು ನನ್ನದು."

"ಈಗ ಇದು ಯಾಕೆ ಮಾವ?" ಎಂದಳು ಹುಡುಗಿ. "ಸಾಬೀತಾಯ್ತಲ್ಲ!"

"ಹನ್ನೊಂದಕ್ಕೆ ಸಾಬೀತಾಯ್ತು. ಉಳಿದ ಐವತ್ತೆರಡಕ್ಕೆ? ಹನ್ನೊಂದೂ ನೆನಪಿನಿಂದ ಬರೆದದ್ದೇ. ಸರಿ ಬಂತು ಅಂತ ಅದು ಸುಳ್ಳಾಗುತ್ತಾ?"

ಮೇಡಂ ಒಂದು ಚೀಟಿ ಎತ್ತಿ ಓದಿದರು. ಓದಿ, ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನು ಯಾರಾದ್ರೂ ನಂಬೋದು ಹೇಗೆ ಅಂತ ಕೇಳಿದ್ರೆ ಇದನ್ನ ತೋರಿಸ್ತೀನಿ" ಎಂದರು.

ಅರವತ್ತಮೂರನ್ನೂ ಸಿಕ್ಕಿಸಿ ಮುಗಿಸಲು ಎರಡು ದಿನ ಹಿಡಿಯಿತು. ಕೊನೆಯ ಹನ್ನೊಂದಕ್ಕೆ ಬಂದಾಗ ಹುಡುಗಿ ತಾನು ಬರೆದ ಚೀಟಿಗಳನ್ನು ತಂದಿಟ್ಟಳು. ತಿದ್ದುಪಡಿಯ ಕೆಳಗೆ ಇನ್ನೊಂದು. ಮಾವ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು. "ಒಂಟಿ ಗುಡ್ಡಕ್ಕೆ ಮತ್ತೆ ಹೋಗಿ ಒಂಬತ್ತು ದುಂಬಿ ಹಿಡಿದು ನೋಡಲಾಯಿತು. ಜಾಗ ಸರಿ." ಅದರ ಕೆಳಗೆ, ಸಂಗ್ರಹಿಸಿದವರು ಎಂಬಲ್ಲಿ, ಮೊದಲು ಮಾವನ ಪೂರ್ತಿ ಹೆಸರು, ಆಮೇಲೆ ಅವಳದು.

ಅಲ್ಲಿ ಯಾವಾಗಲೂ ಮೇಷ್ಟ್ರದ್ದೋ ಮೇಡಂದೋ ವಿದ್ಯಾರ್ಥಿಗಳದ್ದೋ ಹೆಸರು ಇರುತ್ತಿತ್ತು. ಒಂದು ಲಕ್ಷ ಚೀಟಿ ಬರೆದ ಕೈ ತನ್ನ ಹೆಸರನ್ನು ಒಂದರ ಮೇಲೂ ಬರೆದಿರಲಿಲ್ಲ. ಆ ಸಾಲು ತನ್ನಂಥವರದ್ದು ಎಂದು ಹೊಳೆದೂ ಇರಲಿಲ್ಲ. ಮಾವ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದರು. "ನನ್ನ ಹೆಸರು ಇಷ್ಟು ಉದ್ದ ಇದೆಯಾ?" ಎಂದರು.

"ಜಾಗ ಸಾಲಲಿಲ್ಲ, ಸಣ್ಣಕ್ಷರದಲ್ಲಿ ಬರೆದೆ" ಎಂದಳು ಹುಡುಗಿ.

ಮಾವ ಒಂದೊಂದಾಗಿ ಹನ್ನೊಂದನ್ನೂ ಸಿಕ್ಕಿಸಿದರು. ಮೇಲೆ ಐದು ಕಾಲಿನ ದುಂಬಿ. ಅದರಡಿಗೆ ಮೂವತ್ತೇಳು ವರ್ಷದ ಹಳೆಯ ಚೀಟಿ, ಅದರಡಿಗೆ ತಪ್ಪಿನ ಚೀಟಿ, ಎಲ್ಲಕ್ಕಿಂತ ಕೆಳಗೆ ಹೆಸರಿನ ಚೀಟಿ. ಇನ್ನು ಆ ಮೂರರಲ್ಲಿ ಒಂದನ್ನೂ ಯಾರೂ ತೆಗೆಯುವಂತಿಲ್ಲ. ಅದು ಅವರೇ ಮಾಡಿದ ಕಾನೂನು. ಮಾವ ಪೆಟ್ಟಿಗೆಯ ಗಾಜು ಮುಚ್ಚಿದರು, ಕಪಾಟಿನಲ್ಲಿ ಅದರ ಜಾಗಕ್ಕೆ ತಳ್ಳಿದರು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹುಡುಗಿಯ ಕೈಗೆ ಕೊಟ್ಟರು.